ದೋಣಿಕಟ್ಟೆಯ ತುದಿಯಲ್ಲಿ ನಿಂತವರು

ಕ್ಯಾಮೆರಾ ಟ್ರೈಪಾಡಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ಯಜಮಾನರು ನೀರಿನಲ್ಲಿದ್ದರು.

ಹೆಣವನ್ನು ಮೊದಲು ಕಂಡವನು ದೋಣಿಯವ. ಬಿಸಿಲೇರಿದ ಮೇಲೆ ಹುಟ್ಟು ಹಾಕುತ್ತ ಬಂದವನಿಗೆ, ಸರೋವರದೊಳಕ್ಕೆ ಚಾಚಿದ ಹಲಗೆಯ ದೋಣಿಕಟ್ಟೆಯ ಕೆಳಗೆ ನೀಲಿ ಜಾಕೆಟ್ಟೊಂದು ತೇಲುವುದು ಕಾಣಿಸಿತು. ಅವನ ಕೂಗು ಕೇಳಿ ಎದುರಿನ ಗುಡ್ಡದಿಂದ ಓಡಿಬಂದವರು ಸ್ಟುಡಿಯೋ ಮಾಮ. ಸತ್ತವರ ಹಳೆಯ ಸ್ನೇಹಿತ, ಪ್ರತಿ ಫೋಟೋ ಸುತ್ತಾಟದ ಜೊತೆಗಾರ.

ಮರುದಿನ ಠಾಣೆಯ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೇಡಂ ಆ ಕ್ಯಾಮೆರಾದ ಕೊನೆಯ ಚಿತ್ರ ತೋರಿಸಿದಾಗ ಸತ್ತವರ ಮಗಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಸರೋವರ ಕೆನೆಗಟ್ಟಿದ ಹಾಲಿನಂತಿತ್ತು. ಒಂದು ಅಲೆಯೂ ಇಲ್ಲ. ಕಟ್ಟೆ ಖಾಲಿ. ತುದಿಯಲ್ಲಿ ಮಾತ್ರ ಒಂದು ಆಕೃತಿ—ತಲೆ, ಭುಜ, ಜೋತುಬಿದ್ದ ಕೈಗಳು. ಅದರ ಬೆನ್ನನ್ನು ಹಾದು ಆಚೆಯ ನೀರು ಕಾಣುತ್ತಿತ್ತು.

"ದೆವ್ವ!" ದೋಣಿಯವ ಗೋಡೆಗೆ ಅಂಟಿಕೊಂಡ. "ಹೊಟ್ಟೆಪಾಡು ಹಾಳಾಗಿ ಹೋಗ್ಲಿ ತಾಯಿ, ನಾನಿನ್ನು ಆ ಕಟ್ಟೆ ಹತ್ರ ಸುಳಿಯಲ್ಲ."

"ದೆವ್ವಾನೋ ಭೂತಾನೋ, ಮನುಷ್ಯರಂತೂ ಯಾರೂ ಇಲ್ಲ," ಎಂದರು ಮಾಮ. "ನೋಡಮ್ಮ, ಒಂದು ನರಪಿಳ್ಳೆಯೂ ಇಲ್ಲ. ಒಬ್ಬನೇ ಹೋಗಿದ್ದಾನೆ. ಮನೇಲಿ ಏನೋ ಮಾತು ಬಂತು ಅಂತಿದ್ದ... ಮನಸ್ಸಿಗೆ ಹಚ್ಚಿಕೊಂಡುಬಿಟ್ಟ ಅನ್ಸುತ್ತೆ."

ಮಾತು ಬಂದದ್ದು ನಿಜ. ಹೊರಡುವ ಹಿಂದಿನ ಸಂಜೆ ಅಪ್ಪ ಎಂದಿನಂತೆ ಲೆನ್ಸುಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು, ಯಾವುದನ್ನು ಒಯ್ಯಲಿ, ಯಾವುದನ್ನು ಬಿಡಲಿ ಎಂದು ಮದುವೆಗೆ ಹೆಣ್ಣು ಆರಿಸುವವರಂತೆ ಕೂತಿದ್ದರು. ಲೆನ್ಸಿನ ಮುಂದೆ ಸಿಕ್ಕಿಸುವ, ಒಡೆದುಹೋದ ಕಪ್ಪು ಗಾಜಿನ ಫಿಲ್ಟರಿನ ಬದಲು ಹೊಸದು ಕೊಳ್ಳಬೇಕು ಎಂದದ್ದೇ ತಡ, ಇವಳ ತಾಳ್ಮೆ ಕೆಟ್ಟಿತ್ತು. "ನಿಮಗೆ ಮಗಳು ಬೇಕಾ, ಗಾಜು ಬೇಕಾ?" ಅಪ್ಪ ವೈಡ್ ಲೆನ್ಸೊಂದನ್ನೇ ಇಟ್ಟು ಬ್ಯಾಗು ಮುಚ್ಚಿದ್ದರು. ಈಗ ಅವಳಿಗೆ ಒಂದೇ ಭಯ—ತನ್ನ ಮಾತಿಗೇ ಹಾರಿಬಿಟ್ಟರೆ?

ಇನ್ಸ್‌ಪೆಕ್ಟರ್ ಮಾಮನ ಕಡೆ ತಿರುಗಿದರು.

"ನೀವು ಎಲ್ಲಿದ್ರಿ?"

"ಗುಡ್ಡದ ಮೇಲೆ. ಅವನಿಗೆ ವೈಡ್ ಲೆನ್ಸು—ಇಡೀ ಆಕಾಶ ಬೇಕು. ನನಗೆ ಉದ್ದ ಲೆನ್ಸು, ದೂರದ ಮರ. ಬಸ್ಸಿಳಿದದ್ದೇ ನಮ್ಮ ನಮ್ಮ ದಾರಿ."

"ಅವರ ಕ್ಯಾಮೆರಾ ಮುಟ್ಟಿದ್ರಾ?"

"ಛೆ! ಇಲ್ಲ."

"ನಿಮ್ಮ ಬ್ಯಾಗಲ್ಲಿ ಈ ಕಪ್ಪು ಫಿಲ್ಟರ್ ಇತ್ತು."

"ನನ್ನದೇ. ಹೊರಡೋ ಹಿಂದಿನ ಸಂಜೆ ಕೊಂಡದ್ದು. ಹೊಚ್ಚ ಹೊಸದು."

"ಯಾರಿಗಾದ್ರೂ ಕೊಟ್ಟಿದ್ರಾ?"

"ಇದನ್ನಾ? ನನ್ನ ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ ಮೇಡಂ!" ಮಾಮ ನಕ್ಕರು. ಬೇರೆ ಯಾರೂ ನಗಲಿಲ್ಲ.

ಇನ್ಸ್‌ಪೆಕ್ಟರ್ ಮಗಳನ್ನು ಕೇಳಿದರು: "ಇವರಿಬ್ಬರ ಮಧ್ಯೆ ಏನಾದ್ರೂ ಮನಸ್ತಾಪ?"

ಅವಳು ತಡವರಿಸಿದಳು. "ಮಾಮನಿಗೆ ಬಹುಮಾನ ಬಂದ ಫೋಟೋ... ಒಂಟಿ ಮರದ್ದು. ಅದು ಅಪ್ಪ ತೆಗೆದದ್ದು. ಗಾಳಿಗೆ ಬೀಳದ ಹಾಗೆ ಟ್ರೈಪಾಡ್ ಹಿಡ್ಕೊಂಡಿದ್ದು ನಾನೇ. ಈ ಸಲ ಅವನನ್ನ ಕೇಳೇಬಿಡ್ತೀನಿ ಅಂದಿದ್ರು."

ಮಾಮನ ಮುಖ ಕಪ್ಪಿಟ್ಟಿತು.

"ಈ ಚಿತ್ರಕ್ಕೆ ಶಟರು, ಅಂದ್ರೆ ಕ್ಯಾಮೆರಾದ ಕಣ್ಣು, ನಾಲ್ಕು ನಿಮಿಷ ತೆರೆದಿತ್ತು, ಕ್ಯಾಮೆರಾನೇ ಹೇಳ್ತಿದೆ," ಎಂದರು ಇನ್ಸ್‌ಪೆಕ್ಟರ್. "ಅಷ್ಟು ಹೊತ್ತಲ್ಲಿ ಅಲೆಗಳೆಲ್ಲ ಅಳಿಸಿಹೋಗುತ್ವೆ. ಬಂದುಹೋದ ಮನುಷ್ಯನೂ ಹಾಗೇ ಅಳಿಸಿಹೋಗ್ತಾನೆ. ಅಲ್ಲಾಡದೆ ನಿಂತವರು ಮಾತ್ರ ಮೂಡ್ತಾರೆ—ಅರ್ಧ ಹೊತ್ತು ನಿಂತ್ರೆ ಅರ್ಧ. ಈ ಗುಟ್ಟು ಗೊತ್ತಿದ್ದವನು ಧೈರ್ಯವಾಗಿ ಚಿತ್ರವನ್ನ ಉಳಿಸಿಹೋದ. ಒಂದು ಎಡವಟ್ಟು ಮಾತ್ರ ಮಾಡಿಕೊಂಡ."

"ಏನದು?" ಎಂದರು ಮಾಮ.

"ಹಾಡಹಗಲಲ್ಲಿ ಅಷ್ಟು ಹೊತ್ತು ಶಟರು ತೆರೆದಿಟ್ರೆ ಚಿತ್ರ ಬರೀ ಬಿಳಿ. ಬೆಳಕು ತಡೆಯೋ ಕಪ್ಪು ಫಿಲ್ಟರ್ ಇರಲೇಬೇಕು. ಕ್ಯಾಮೆರಾ ಸಿಕ್ಕಾಗ ಲೆನ್ಸಿನ ಮೇಲೆ ಅದು ಇರಲಿಲ್ಲ, ಅವರ ಬ್ಯಾಗಲ್ಲೂ ಇರಲಿಲ್ಲ. ಚಿತ್ರ ಮುಗಿಯೋ ಮೊದಲೇ ನೀರು ಪಾಲಾದವರು ಎದ್ದುಬಂದು ಬಿಚ್ಚಿದ್ರಾ?"

ಇನ್ಸ್‌ಪೆಕ್ಟರ್ ಮಾಮನ ಫಿಲ್ಟರನ್ನು ಮೇಜಿನ ಮೇಲಿಟ್ಟರು.

"ಹೆಂಡ್ತಿಗೂ ಮುಟ್ಟೋಕೆ ಬಿಡದ ಈ ಫಿಲ್ಟರಿನ ಅಂಚಿನ ಮೇಲೆ ಸತ್ತವರ ಹೆಬ್ಬೆರಳ ಗುರುತಿದೆ. ಬೆಳಗ್ಗೆ ಕೊಟ್ಟವರು ನೀವು. ನೀರಿಗೆ ತಳ್ಳಿ ಕೊಂದ ಮೇಲೆ, ಹೊಸ ಗಾಜು ಬಿಟ್ಟುಬರೋಕೆ ಮನಸ್ಸಾಗದೆ ಬಿಚ್ಚಿಕೊಂಡವರೂ ನೀವೇ."

ಮಾಮ ಕುರ್ಚಿಯಲ್ಲಿ ಕುಸಿದ. "ಎಲ್ಲರ ಮುಂದೆ ಹೇಳ್ತೀನಿ ಅಂದ... ನನ್ನ ಮಾನ ಹೋಗ್ತಿತ್ತು," ಎಂದು ಗೊಣಗಿದ. ಪೇದೆಗಳು ಅವನನ್ನು ಹೊರಗೆ ಕರೆದೊಯ್ದರು.

ಮಗಳು ಚಿತ್ರದಿಂದ ಕಣ್ಣು ಕಿತ್ತಿರಲಿಲ್ಲ. "ಹಾಗಾದ್ರೆ ಅಲ್ಲಿ ನಿಂತಿರೋದು...?"

"ನಿಮ್ಮಪ್ಪ. ಅಷ್ಟು ದೊಡ್ಡ ನೀರಿನ ಮುಂದೆ ಮನುಷ್ಯ ಎಷ್ಟು ಚಿಕ್ಕವನು ಅಂತ ತೋರಿಸೋಕೆ ತಾವೇ ಹೋಗಿ ನಿಂತಿದ್ದಾರೆ. ಸಾಯೋಕೆ ಹೋದವರು ಫೋಟೋ ಕೆಡುತ್ತೆ ಅಂತ ಉಸಿರು ಬಿಗಿಹಿಡಿದು ನಿಲ್ತಾರೇನಮ್ಮ?" ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು. "ಹಲಗೆ ಮೇಲೆ ಹೆಜ್ಜೆ ಸದ್ದು ಕೇಳೇ ಕೇಳಿರುತ್ತೆ. ಸ್ನೇಹಿತ ತಾನೇ ಅಂತ ತಿರುಗಿಲ್ಲ. ತಿರುಗಿದ್ರೆ ಚಿತ್ರ ಕೆಡ್ತಿತ್ತು."

ಅವಳು ಆ ಪಾರದರ್ಶಕ ಬೆನ್ನಿನ ಮೇಲೆ ಬೆರಳಿಟ್ಟಳು. ಅಪ್ಪ ತನ್ನ ಮೇಲೆ ಮುನಿಸಿಕೊಂಡು ಹೋಗಿರಲಿಲ್ಲ. ನಿನ್ನೆಯಿಂದ ಬಾರದಿದ್ದ ಅಳು ಒಮ್ಮೆಲೇ ಉಕ್ಕಿ ಬಂತು.