ಬಿಚ್ಚದ ಕಟ್ಟಿನಿಂದ ಹೋದ ಅಧ್ಯಾಯ

ಕಟ್ಟಿನ ಮೇಲಿನ ಮೂರು ಗಂಟು ನಾನು ಹಾಕಿದ್ದು ಹಾಕಿದಂತೆಯೇ ಇದ್ದವು. ವಿಭಾಗದ ಮುಖ್ಯಸ್ಥೆ ಮೃಣ್ಮಯಿ ಮೇಡಂ ಗಂಟಿನ ಪಕ್ಕದಲ್ಲಿ ಬ್ಲೇಡು ಹಾಕಿ ಕೆಂಪು ದಾರ ಕತ್ತರಿಸಿದರು. ಹಾಳೆ ಎಣಿಸಿದರು. ಮೊದಲ ಅಧ್ಯಾಯ ಇತ್ತು. ಎರಡನೆಯದು ಇತ್ತು. ನಾಲ್ಕನೆಯದು ಇತ್ತು.

ಮೂರನೆಯದು ಇರಲಿಲ್ಲ.

"ದಶರಥ, ಸ್ನೇಹಾಳ ಮೂರನೇ ಅಧ್ಯಾಯ ಎಲ್ಲಿ?"

ಮುಧೋಳ ರಸ್ತೆಯ ಈ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನಾನು ಜವಾನ. ಓದಿದ್ದು ಮೂರನೆಯ ಇಯತ್ತೆ. ಎಂ.ಎ. ಹುಡುಗರು ಬರೆಯುವ ಪ್ರಬಂಧದ ಒಳಗೆ ಏನಿರುತ್ತದೆ ಎಂದು ನನಗೆ ತಿಳಿಯದು. ಆದರೆ ಯಾವ ಕಟ್ಟಿನಲ್ಲಿ ಏನಿಟ್ಟೆ ಎಂಬುದನ್ನು ಮರೆತವನಲ್ಲ. ಸ್ನೇಹಾ ಕೈಯಾರೆ ಬರೆದ ನಲವತ್ತೆರಡು ಹಾಳೆ. ಕಳೆದ ಶುಕ್ರವಾರ ಮೇಡಂ ಹೇಳಿದಂತೆ ಎಲ್ಲರ ಕರಡು ಕೂಡಿಸುವಾಗ, ಅವಳ ಮಾರ್ಗದರ್ಶಕ ಬಸಗೊಂಡಪ್ಪ ಸರ್ ರಜೆಯಲ್ಲಿದ್ದರು. ಅವರ ಮೇಜಿನ ಮೇಲಿಂದ ನಾನೇ ಆ ಹಾಳೆ ತಂದೆ. ನಡುವೆ ಇಟ್ಟೆ. ಬಿಗಿದು ಕಟ್ಟಿದೆ. ಕಪಾಟಿಗೆ ಕೀಲಿ ಹಾಕಿದೆ.

"ಒಳಗ ಇಟ್ಟೇನ್ರಿ ಮೇಡಂ. ನನ್ನ ಕೈಯಿಂದ ಇಟ್ಟೇನಿ."

"ಇಟ್ಟಿದ್ದರ ಎಲ್ಲಿ ಹೋತು? ಗಂಟು ಹಂಗ ಐತಿ!"

ಅಂದು ಗುರುವಾರ, ಬೆಳಿಗ್ಗೆ ಹನ್ನೊಂದು. ಮಧ್ಯಾಹ್ನ ಮೂರಕ್ಕೆ ಹೊರಗಿನ ಸಮಿತಿ ಬರುವುದಿತ್ತು. ಕರಡಿನ ಎಲ್ಲ ಅಧ್ಯಾಯ ಅವರ ಕಣ್ಣಿಗೆ ಬಿದ್ದರಷ್ಟೇ ಪ್ರಬಂಧ ಟೈಪಿಗೆ ಹೋಗುತ್ತದೆ. ಒಂದು ಅಧ್ಯಾಯ ಕಡಿಮೆಯಾದರೂ ಆ ವಿದ್ಯಾರ್ಥಿಯ ವರ್ಷ ಹೋಯಿತು.

ಸ್ನೇಹಾಳನ್ನು ಕರೆಸಿದರು. ಬನಹಟ್ಟಿಯ ನೇಕಾರರ ಹುಡುಗಿ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸರ ಮಾತು ಬರೆದುಕೊಂಡು ಪ್ರಬಂಧ ಮಾಡಿದ್ದಳು. ಜೊತೆಗೆ ಅವಳ ಅಜ್ಜಿ ಸಿದ್ದಕ್ಕನೂ ಬಂದಿದ್ದಳು—ಸಮಿತಿಯ ಹೆದರಿಕೆಗೆ ಮೊಮ್ಮಗಳು ಎರಡು ದಿನದಿಂದ ಊಟ ಬಿಟ್ಟಿದ್ದಾಳೆಂದು, ರೊಟ್ಟಿಯ ಗಂಟು ಹಿಡಿದುಕೊಂಡು.

ಸುದ್ದಿ ಕೇಳಿ ಸ್ನೇಹಾ ಅಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಫೋಟೋನಾದ್ರೂ ತಗೊಂಡಿದ್ದೇನವಾ?" ಮೇಡಂ ಕೇಳಿದರು.

"ಇಲ್ರಿ. ಸರ್ ಕಡೆ ಅದಾವಲ್ಲ, ಭದ್ರ ಅದಾವ ಅಂತ ತಿಳಕೊಂಡಿದ್ದೆ."

"ಯಾರ ಮ್ಯಾಲರ ಸಂಶಯ?"

ಅವಳು ತಲೆ ತಗ್ಗಿಸಿದಳು. "ಕೌಸ್ತುಭ ಕೀಲಿ ತಗೊಂಡಿದ್ದ ಅಂತ ಕೇಳೇನ್ರಿ."

ಕೀಲಿಯ ಪುಸ್ತಕ ತಂದೆ. ಶುಕ್ರವಾರದ ನಂತರ ಕೀಲಿ ಮುಟ್ಟಿದವರು ಮೂವರೇ. ನಾನು. ಮಂಗಳವಾರ ಕೌಸ್ತುಭ. ಬುಧವಾರ, ಅಂದರೆ ನಿನ್ನೆ, ಬಸಗೊಂಡಪ್ಪ ಸರ್.

ಕೌಸ್ತುಭ ಜಮಖಂಡಿ ಪೇಟೆಯ ಹುಡುಗ, ಮೇಡಂ ಕೈಕೆಳಗೆ ತೇರದಾಳದ ಶಾಸನಗಳ ಮೇಲೆ ಬರೆಯುತ್ತಿದ್ದ. ಮೊದಲ ರ‍್ಯಾಂಕು ಅವನಿಗೋ ಸ್ನೇಹಾಳಿಗೋ ಎಂದು ಇಡೀ ಕಾಲೇಜು ಆಡಿಕೊಳ್ಳುತ್ತಿತ್ತು. ಅವನು ಬಂದವನೇ ಸಿಡಿದ.

"ನಂಗ್ಯಾಕ್ರಿ ಅಕಿ ಅಧ್ಯಾಯ? ಶಾಸನದ ಅಕ್ಷರ ನೋಡಿ ನೋಡಿ ನನ್ನ ಕಣ್ಣ ಹೋಗ್ಯಾವ! ನನ್ನ ಕಟ್ಟಿನ್ಯಾಗ ಒಂದ ನಕಾಶಿ ಇಡೋದಿತ್ತು. ದಾರದ ಸಂದ್ಯಾಗ ತುರುಕಿ ಬಂದೆ."

"ಅಕಿ ಕಟ್ಟು ಮುಟ್ಟಲಿಲ್ಲ?"

"ಮುಟ್ಟಿದ್ದರ ಗಂಟು ಬಿಚ್ಚತಿತ್ತಲ್ರಿ? ದಶರಥ ಅಜ್ಜಾ ಹಾಕಿದ ಗಂಟು ಆನಿ ಜಗ್ಗಿದ್ರೂ ಬಿಚ್ಚಂಗಿಲ್ಲ!"

ಖರೆ. ಅದೇ ನನ್ನ ತಲೆ ಕೊರೆಯುತ್ತಿದ್ದದ್ದು.

ಅಷ್ಟರಲ್ಲಿ ಬಸಗೊಂಡಪ್ಪ ಸರ್ ಬಂದರು. ಹೆಗಲಿಗೆ ಚರ್ಮದ ಚೀಲ. ಕುಳಿತರು, ಮೇಜಿನ ಮೇಲಿನ ಗುಂಡುಸೂಜಿಯೊಂದನ್ನು ಎತ್ತಿ ಬೆರಳಲ್ಲಿ ತಿರುವತೊಡಗಿದರು. ಅವರ ಬೆರಳು ಸುಮ್ಮನಿದ್ದದ್ದನ್ನು ಹದಿನೆಂಟು ವರ್ಷದಲ್ಲಿ ನಾನು ಕಂಡಿಲ್ಲ.

"ಇದರಾಗ ಪತ್ತೆ ಹಚ್ಚೂದೇನೈತಿ?" ಎಂದರು. "ಕಟ್ಟು ಬಿಚ್ಚಿಲ್ಲ. ಅಂದ್ರ ಅಧ್ಯಾಯ ಒಳಗ ಇದ್ದಿದ್ದೇ ಇಲ್ಲ. ದಶರಥಗ ವಯಸ್ಸಾತು, ಮರತಾನ. ಹುಡುಗಿ ಮೂರನೇ ಅಧ್ಯಾಯ ಕೊಟ್ಟೇ ಇಲ್ಲ."

"ಕೊಟ್ಟೇನ್ರಿ ಸರ್!" ಸ್ನೇಹಾಳ ದನಿ ಒಡೆಯಿತು. "ಐದು ತಿಂಗಳಾತು! ಪ್ರತಿ ಗುರುವಾರ ಬಸ್ ಹತ್ತಿ ಬಂದೇನಿ. ಪ್ರತಿ ಗುರುವಾರ ನೀವು ಮುಂದಿನ ವಾರ ಅಂದೀರಿ!"

ಅದಕ್ಕೆ ನಾನೇ ಸಾಕ್ಷಿ. ಬಾಗಿಲ ಹೊರಗಿನ ಬೆಂಚಿನ ಮೇಲೆ ಎರಡೆರಡು ತಾಸು ಕುಳಿತಿರುತ್ತಿದ್ದಳು. ಎಷ್ಟು ಸಲ ನೀರು ಕೊಟ್ಟಿದ್ದೇನೆ! ಎಲ್ಲಿ ತಪ್ಪಿದೆ, ಎಲ್ಲಿ ಸರಿಯಿದೆ, ಒಂದು ಮಾತು ಸಿಕ್ಕರೆ ಸಾಕಿತ್ತು ಆ ಹುಡುಗಿಗೆ. ಸಿಕ್ಕದ್ದು ಮುಂದಿನ ವಾರ. ಆದರೆ ಮಾರ್ಗದರ್ಶನದ ಪುಸ್ತಕದಲ್ಲಿ ತಿಂಗಳು ತಿಂಗಳು ಸರ್ ಸಹಿ ಮಾಡಿದ್ದರು—ಮೂರನೇ ಅಧ್ಯಾಯ ತಿದ್ದಿದೆ, ಚರ್ಚಿಸಿದೆ. ನೋಡಿಯೂ ನಾನು ಸುಮ್ಮನಿದ್ದೆ. ಜವಾನ ಏನು ಹೇಳಬೇಕು? ಆ ಸಿಟ್ಟು ನನ್ನ ಮೇಲೇ ನನಗೆ ಇವತ್ತಿಗೂ ಇದೆ.

ಇಷ್ಟು ಹೊತ್ತು ಸಿದ್ದಕ್ಕ ನೆಲದ ಮೇಲೆ ಕುಳಿತಿದ್ದಳು. ಕತ್ತರಿಸಿದ ಕೆಂಪು ದಾರ ಅವಳ ಕೈ ಸೇರಿತ್ತು. ಜಪಮಾಲೆಯಂತೆ ಬೆರಳ ಸಂದಿಯಲ್ಲಿ ಜಾರಿಸುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. ಹಿಂದೆ ಸರಿಸಿದಳು. ಮತ್ತೆ ನಿಂತಿತು.

"ಜವಾನ ಅಣ್ಣಾ, ಈ ದಾರ ಎಲ್ಲೀದೋ?"

"ಹೊಸಾ ದಾರದ ಉಂಡೀದು, ಅಕ್ಕಾ. ಶುಕ್ರವಾರ ಬಿಚ್ಚಿದ್ದು."

"ಅಖಂಡ ಎಳಿ ಇತ್ತೇನು?"

"ಅಖಂಡ ಇತ್ತು."

ಸಿದ್ದಕ್ಕ ಮೇಡಂ ಕಡೆ ತಿರುಗಿದಳು. "ಬಾಯೀರ, ಒಂದ ಆಟ ಆಡೋಣೇನು? ಎಲ್ಲಾರಿಗೂ ಎರಡೆರಡು ತುಂಡು ದಾರ ಕೊಡತೇನಿ. ಕೂಡಿಸಿ ಕೊಡ್ರಿ."

"ಸಮಿತಿ ಬರೋ ಹೊತ್ತಿನ್ಯಾಗ ಇದೇನು ಹುಚ್ಚಾಟ!" ಬಸಗೊಂಡಪ್ಪ ಸರ್ ಗದರಿದರು.

ಮೇಡಂ ಅವಳ ಮುಖ ನೋಡಿದರು. ಏನನ್ನಿಸಿತೋ—"ಕೊಡ್ರಿ ಅಜ್ಜಿ" ಎಂದರು.

ಕೌಸ್ತುಭ ಹಾಕಿದ ಗಂಟು ಶೇಂಗಾ ಕಾಳಿನಷ್ಟಿತ್ತು. "ಇದು ಗಂಟಲ್ಲೋ ತಮ್ಮಾ, ಗಡ್ಡಿ!" ಎಂದಳು ಸಿದ್ದಕ್ಕ. ನಾನು ಸಮೀರವಾಡಿ ಕಡೆಯವನು. ಕಬ್ಬಿನ ಹೊರೆ ಕಟ್ಟಿದ ಕೈ. ನನ್ನದು ಅದಕ್ಕಿಂತ ದಪ್ಪ. ಸ್ನೇಹಾ ದಾರ ಹಿಡಿದು ಒದ್ದಾಡಿದಳು. "ನಂಗ ಬರಂಗಿಲ್ಲಲ್ಲ ಅಜ್ಜಿ. ಓದು ಅಂತ ಅವ್ವ ಮಗ್ಗದ ಸನೇಕ ಬಿಟ್ಟಿಲ್ಲ."

"ಸರ್, ನಿಮ್ಮದು?" ಸಿದ್ದಕ್ಕ ಕೇಳಿದಳು.

"ನಂಗೇನು ಕೆಲಸಿಲ್ಲೇನು? ನಮ್ಮಪ್ಪ ಬೀಳಗಿಯೊಳಗ ಮಾಸ್ತರ ಇದ್ದಾಂವ. ದಾರ-ಗೀರ ನಂಗ ಗೊತ್ತಿಲ್ಲ."

"ಆತು, ಬಿಡ್ರಿ." ಸಿದ್ದಕ್ಕ ಎರಡು ತುಂಡು ದಾರವನ್ನು ಅವರ ಮುಂದೆ ಮೇಜಿನ ಮೇಲಿಟ್ಟು, ಅವರ ಕೈಯಲ್ಲಿದ್ದ ಗುಂಡುಸೂಜಿ ಮೆಲ್ಲನೆ ತೆಗೆದುಕೊಂಡಳು. "ಹಂಗಾರ ಒಂದ ಮಾತ ಹೇಳ್ರಿ. ಐದು ತಿಂಗಳು ನನ್ನ ಮೊಮ್ಮಗಳಿಗೆ ಏನು ತಿದ್ದಿ ಕೊಟ್ರಿ?"

"ನೋಡಬೇ ಮುದುಕಿ, ಸಂಶೋಧನೆ ಅಂದ್ರ ನಿಂಗೇನು ತಿಳೀತದ?"

"ತಿಳಿಯಂಗಿಲ್ರಿ. ಅದಕ್ಕ ಕೇಳಾಕತ್ತೇನಿ. ಯಾವ ಹಾಳಿ ಛಲೋ ಇತ್ತು? ಯಾವುದು ಕೆಟ್ಟಿತ್ತು? ಒಂದರ ಹೇಳ್ರಿ."

"ಒಟ್ಟಾರೆ... ಭಾಷೆ ಸಡಿಲ ಇತ್ತು. ವಿಶ್ಲೇಷಣೆ ಕಡಿಮಿ ಇತ್ತು—"

"ಅಂದ್ರ ಅಧ್ಯಾಯ ನಿಮ್ಮ ಕಡೆ ಬಂದಿತ್ತು! ಈಗ ಕೊಟ್ಟೇ ಇಲ್ಲ ಅಂದ್ರೆಲ್ಲ?"

"ಅದು... ನಾ ಹೇಳಿದ್ದು—ಪೂರ್ತಿ ಕೊಟ್ಟಿಲ್ಲ ಅಂತ..."

ಸರ್ ತಡವರಿಸಿದರು. ಎಲ್ಲರ ಕಣ್ಣೂ ಮೇಜಿನ ಮೇಲೆ.

"ಸರ್," ಸಿದ್ದಕ್ಕ ಮೆತ್ತಗೆ ಹೇಳಿದಳು, "ನಿಮ್ಮ ಕೈ ನೋಡ್ಕೋರಿ."

ಎರಡು ತುಂಡು ಇರಲಿಲ್ಲ. ಅವರ ಬೆರಳ ನಡುವೆ ಒಂದೇ ದಾರ ಇತ್ತು. ನಡುವೆ ಸಾಸಿವೆಗಿಂತ ಸಣ್ಣ ಗಂಟು. ಸರ್ ಹಾವು ಮುಟ್ಟಿದವರಂತೆ ಅದನ್ನು ಕೆಳಗೆ ಬಿಟ್ಟರು.

ಸಿದ್ದಕ್ಕ ಅದನ್ನೂ, ತನ್ನ ಕೈಯಲ್ಲಿದ್ದ ಕಟ್ಟಿನ ದಾರವನ್ನೂ ಮೇಡಂ ಅಂಗೈಯಲ್ಲಿಟ್ಟಳು. "ಬೆರಳಾಡಿಸ್ರಿ. ಅಖಂಡ ಎಳಿಗೆ ಈ ಗಂಟು ಎಲ್ಲಿಂದ ಬಂತು? ಕಟ್ಟು ಬಿಚ್ಚಿಲ್ಲ, ಖರೆ. ಹಿಂದಿನ ಬಾಜು ದಾರ ಕೊಯ್ದಾರ. ಹಾಳಿ ತಗದಾರ. ಆಮ್ಯಾಲ ಕೂಡಿಸ್ಯಾರ. ನಲವತ್ತೆರಡು ಹಾಳಿ ಕಡಿಮಿ ಆದ ಮ್ಯಾಲ ಕಟ್ಟು ಸಡಿಲಾತು, ಗಂಟಿಗೆ ದಾರ ಸಾಕಷ್ಟು ಸಿಕ್ತು. ಮ್ಯಾಲಿನ ಗಂಟು ಎಲ್ಲಾರೂ ನೋಡಿದ್ರಿ, ಹಿಂದಿನ ದಾರ ಯಾರೂ ಮುಟ್ಟಲಿಲ್ಲ. ಬ್ಯಾರೇದಾಂವ ಆಗಿದ್ದರ ಗಡ್ಡಿ ಹಾಕತಿದ್ದ, ಇಲ್ಲಾ ಹೊಸಾ ದಾರ ಸುತ್ತತಿದ್ದ. ನೇಕಾರ ಹರದ ಎಳಿ ನೋಡಿ ಸುಮ್ಮನ ಇರಂಗಿಲ್ಲ. ಬುದ್ಧಿ ಬ್ಯಾಡ ಅಂದ್ರೂ ಕೈ ಕೇಳಂಗಿಲ್ಲ."

ಅವಳು ಸರ್ ಕಡೆ ನೋಡಿದಳು. "ಯಾವೂರು ನಿಮ್ಮಪ್ಪಂದು?"

ಸರ್ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ರಬಕವಿ. ಕುಣಿಮಗ್ಗ ಇತ್ತು. ಹತ್ತು ವರ್ಷ ನೇಯ್ದೇನಿ. ಬೀಳಗಿ ಮಾಸ್ತರ ಅಂದ್ರ ನಮ್ಮ ಕಾಕಾ. ಅವರ ಮನ್ಯಾಗ ಓದಿದೆ."

ಚೀಲ ತೆರೆದರು. ನಲವತ್ತೆರಡು ಹಾಳೆ ಹೊರಬಂದವು. ಮೇಡಂ ತಿರುವಿ ಹಾಕಿದರು. ಒಂದರ ಮೇಲೂ ಕೆಂಪು ಶಾಯಿಯ ಒಂದು ಚುಕ್ಕೆಯಿಲ್ಲ.

"ಸಮಿತಿ ನೋಡಿದ್ರ ನನ್ನ ಸಹಿ ಸುಳ್ಳಾಕ್ಕಿತ್ತು. ಮನಿಗೆ ಒಯ್ದು ತಿದ್ದಿ, ಮುಂಜಾನೆ ಇಡಬೇಕಂತ ಮಾಡಿದ್ದೆ," ಸರ್ ಎಂದರು. "ನಿನ್ನೆ... ಆಗಲಿಲ್ಲ. ನೀವು ಇಷ್ಟು ಲಗೂ ಕಟ್ಟು ತಗೀತೀರಿ ಅಂತ..."

"ಐದು ತಿಂಗಳು ಆಗದ್ದು ಒಂದ ದಿನಕ್ಕ ಆಕ್ಕಿತ್ತೇನ್ರಿ?" ಮೇಡಂ ಹಾಳೆಗಳನ್ನು ಮೇಜಿಗೆ ಕುಕ್ಕಿದರು. "ಆ ಹುಡುಗಿ ವರ್ಷ ಕಳೀತಿದ್ದಿರಿ!"

"ಅವತ್ತು ನಂಗ ಓದಿ ತೋರಿಸಿದ ಏಳನೇ ಹಾಳಿ ಓದವಾ," ಸಿದ್ದಕ್ಕ ಮೊಮ್ಮಗಳಿಗೆ ಹೇಳಿದಳು.

ಸ್ನೇಹಾ ಹಾಳೆ ಹುಡುಕಿ ತೆಗೆದಳು. ಓದಿದಳು: "ಎಳೆ ಹರಿದರೆ ನೇಕಾರನ ಕೈ ತಾನಾಗಿ ಕೂಡಿಸುತ್ತದೆ. ಮಗ್ಗ ಬಿಟ್ಟು ನಲವತ್ತು ವರ್ಷವಾದರೂ ಆ ಗಂಟು ಮರೆಯುವುದಿಲ್ಲ. ಮುಟ್ಟಿದರೆ ಸಾಕು, ಹಾಕಿದವರು ನಮ್ಮವರೆಂದು ಹೇಳಬಲ್ಲೆ. ಹೀಗೆಂದವರು ಬನಹಟ್ಟಿಯ ಸಿದ್ದಕ್ಕ."

ಸಿದ್ದಕ್ಕ ಎದ್ದಳು. "ನೋಡ್ರಿ ಸರ್. ಅಕಿ ಬರದದ್ದು ಒಂದ ಸಲ ಓದಿದ್ದರ, ನೀವು ಈ ಗಂಟು ಹಾಕತಿದ್ದಿಲ್ಲ."

ಸ್ನೇಹಾ ಕೌಸ್ತುಭನ ಕಡೆ ತಿರುಗಿ, "ತಪ್ಪಾತೋ" ಎಂದಳು. "ಇರಲಿ ಬಿಡ. ರ‍್ಯಾಂಕ್ ಮಾತ್ರ ಕೊಡಂಗಿಲ್ಲ," ಎಂದ ಅವನು.

ಮೇಡಂ ಮಾರ್ಗದರ್ಶಕರ ಹೆಸರು ಹೊಡೆದು ತಮ್ಮ ಹೆಸರು ಬರೆದರು. ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಲಿಟ್ಟರು. ಮೂರರವರೆಗೆ ತಾವೇ ಕುಳಿತು ಅಧ್ಯಾಯ ಓದಿದರು, ಸ್ನೇಹಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು—ಇಲ್ಲಿ ಬೆಳೆಸು, ಇಲ್ಲಿ ಇದು ಸಾಕು, ಇದನ್ನು ಮೊದಲಿಗೆ ತಾ. ಹುಡುಗಿ ತಲೆಯಾಡಿಸುತ್ತ, ಅಜ್ಜಿ ತಂದ ರೊಟ್ಟಿ ಮುರಿಯುತ್ತ ಕೇಳಿದಳು. ಸಮಿತಿಯವರು ಬಂದರು. ಆ ಹಾಳೆ ಓದಿದರು. ಕೆಂಪು ಶಾಯಿ ಇಲ್ಲದ್ದು ಹುಡುಗಿಯ ತಪ್ಪಲ್ಲ ಎಂದು ಪ್ರಬಂಧವನ್ನು ಟೈಪಿಗೆ ಬಿಟ್ಟರು.

ಕಟ್ಟು ಮತ್ತೆ ಕಟ್ಟಲು ನಾನು ಹೊಸ ದಾರ ತೆಗೆದೆ. ಸಿದ್ದಕ್ಕ ಬೇಡವೆಂದು ಹಳೆಯ ಕೆಂಪು ದಾರದ ತುಂಡುಗಳನ್ನೇ ಕೂಡಿಸಿ ಕೊಟ್ಟಳು. ಅವಳ ಗಂಟು ಎಲ್ಲಿದೆಯೆಂದು ನನ್ನ ಬೆರಳಿಗೆ ಸಿಗಲೇ ಇಲ್ಲ.