ಹಿಂಗೋಡೆಯ ಅಳತೆ

ಟೀಚರ್ ಒಗೆದು ಹಾಸಿದ್ದ ಬಿಳಿಯ ಬಟ್ಟೆಯ ಮೇಲೆ ಚಿಮಣಿಯಿಂದ ಮೊದಲು ಬಿದ್ದದ್ದು ಒಂದು ಸತ್ತ ಕಾಗೆ.

ಅದರ ಹಿಂದೆ ಗೂಡಿನ ಕಡ್ಡಿಗಳು, ಬುಟ್ಟಿಯಷ್ಟು ಮಸಿ, ಕೊನೆಗೆ ಎಳೆಯೆಳೆಯಾಗಿ ಜೋತುಬಿದ್ದ ಕಪ್ಪು ಅಂಟು. ಕೋಣೆಯ ತುಂಬ ಹಳಸಿದ ಹೊಗೆಯ ನಾತ. ಟೀಚರ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು.

"ಸತ್ತು ಆರು ತಿಂಗಳಾಗಿರಬೇಕು, ಟೀಚರ್," ಎನ್ನುತ್ತ ಅಗ್ಗಿಷ್ಟಿಕೆಯ ಗೂಡಿನಿಂದ ಒಬ್ಬ ಮನುಷ್ಯ ತೆವಳಿಕೊಂಡು ಹೊರಬಂದ.

ಕಣ್ಣು ಮತ್ತು ಹಲ್ಲುಗಳನ್ನು ಬಿಟ್ಟರೆ ಅವನಲ್ಲಿ ಬಿಳಿಯಾದದ್ದು ಏನೂ ಇರಲಿಲ್ಲ. ಚಿಮಣಿ ಗುಡಿಸುವುದು, ಒಲೆ ಕೂರಿಸುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಮಸಿರಾಯ ಎಂದೇ ಕರೆಯುತ್ತಿದ್ದರು.

ಅವನು ಆ ಅಂಟನ್ನು ಬೆರಳಿಗೆ ತೆಗೆದುಕೊಂಡು ಮೂಸಿದ. "ಹೋದ ಚಳಿಗಾಲ ಪೂರ್ತಿ ಹಸಿ ಸೌದೆ ಉರಿಸಿದ್ದೀರಿ."

ಛೀ... ಇದನ್ನೂ ಮೂಸುತ್ತಾನಲ್ಲ ಈ ಮನುಷ್ಯ!

ಅವಳು ಪ್ರತಿದಿನ ಬೆಳಿಗ್ಗೆ ಪಾಠಕ್ಕೆ ಮೊದಲು ನಲವತ್ತು ಮಕ್ಕಳ ಉಗುರುಗಳನ್ನು ಪರೀಕ್ಷಿಸುವವಳು. ಉಗುರು ಶುಚಿಯಾಗಿದ್ದರೆ ಮನಸ್ಸೂ ಶುಚಿಯಾಗಿರುತ್ತದೆಂದು ಅವಳು ನಂಬಿದ್ದಳು. ಹಾಗೆಂದು ಕಲಿಸುತ್ತಲೂ ಇದ್ದಳು. ಎಂಥ ತಪ್ಪನ್ನು ಎಷ್ಟು ಶ್ರದ್ಧೆಯಿಂದ ಕಲಿಸುತ್ತೇವೆ ನಾವು!

ಅವಳ ಅಪ್ಪ ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ಆ ಧೂಳೆಲ್ಲ ಅವರ ಎದೆಯಲ್ಲಿ ಮನೆಮಾಡಿತ್ತು. 'ಇವರಿಗೆ ಚಳಿಯೂ ಆಗದು, ಹೊಗೆಯೂ ಆಗದು. ಆ ತೆರೆದ ಬೆಂಕಿಯನ್ನು ನಿಲ್ಲಿಸಿ' ಎಂದು ಡಾಕ್ಟರು ಎಚ್ಚರಿಸಿದ್ದರು. ಚಳಿಗಾಲ ಬರುವುದರೊಳಗೆ ಹಳೆಯ ಅಗ್ಗಿಷ್ಟಿಕೆಗೆ ಮುಚ್ಚಿದ ಒಲೆಯೊಂದು ಬೇಕಾಗಿತ್ತು. ಗೂಡಿನೊಳಗೇ ಕೂರಿಸುವ ಕಬ್ಬಿಣದ ಪೆಟ್ಟಿಗೆಯೋ, ಅಂದರೆ ಅಂಗಡಿಯವರು ಇನ್ಸರ್ಟ್ ಎನ್ನುವುದೋ, ಇಲ್ಲ ಗೂಡಿನ ಮುಂದೆ ಕಾಲೂರಿ ನಿಲ್ಲುವ ಸ್ಟೌವೋ?

ಅದನ್ನು ಅವಳು ಕೇಳಿದಾಗ ಮಸಿರಾಯ ಅಪ್ಪನ ಕುರ್ಚಿಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತ.

"ಯಜಮಾನ್ರೇ, ದಿನಾ ಇಲ್ಲೇ ಕೂತ್ಕೋತೀರಾ?"

"ಇಲ್ಲೇ. ಇದು ನನ್ನ ಸಿಂಹಾಸನ."

"ಸೌದೆ ಹಾಕೋರು ಯಾರು?"

"ಅವಳು ಸ್ಕೂಲಿಗೆ ಹೋದ ಮೇಲೆ ರಾಜನೂ ನಾನೇ, ಆಳೂ ನಾನೇ."

"ಬಗ್ಗೋಕಾಗುತ್ತಾ?"

"ಬಗ್ಗಿದ್ರೆ ಏಳೋಕೆ ಅರ್ಜಿ ಹಾಕ್ಬೇಕು."

ಮಸಿರಾಯ ನಕ್ಕು, ಅಪ್ಪನ ಮೊಣಕಾಲಿನ ಎತ್ತರವನ್ನೂ, ಕುರ್ಚಿಯಿಂದ ಗೂಡಿಗಿರುವ ದೂರವನ್ನೂ ಟೇಪು ಹಿಡಿದು ಅಳೆದ. ಒಲೆ ಕೊಳ್ಳಲು ಮುದುಕರ ಮೊಣಕಾಲಿನ ಅಳತೆ ಏತಕ್ಕೆ? ಅಧಿಕಪ್ರಸಂಗ ಎಂದುಕೊಂಡಳು ಟೀಚರ್.

"ಈ ಗೂಡಿನ ಬಾಯಿ ಅಗಲ, ಹಿಂಗೋಡೆ ಕಿರಿದು. ದೊಡ್ಡ ಇನ್ಸರ್ಟ್ ಒಳಗೆ ಹೋಗಲ್ಲ," ಎಂದ ಅವನು. "ಕಾಲಿರೋ ಚಿಕ್ಕ ಸ್ಟೌವ್ ತನ್ನಿ, ಇವರು ಬಗ್ಗದೇ ಸೌದೆ ಹಾಕಬಹುದು. ಯಾವುದು ತಂದ್ರೂ ಒಲೆಯಿಂದ ಚಿಮಣಿ ತುದಿವರೆಗೂ ಸ್ಟೀಲ್ ಪೈಪು ಇರಲೇಬೇಕು. ಇಲ್ಲಾಂದ್ರೆ ಹೊಗೆ ವಾಪಸ್ ಮನೆಗೇ."

ಮರುದಿನ ಅವಳು ಒಲೆಗಳ ಶೋರೂಮಿಗೆ ಹೋದಳು.

ಅಲ್ಲಿನ ಮಾಲೀಕನನ್ನು ಅವಳಿಗೆ ಗಂಡಾಗಿ ಗೊತ್ತುಮಾಡಬೇಕೆಂದು ಅವಳ ಸೋದರತ್ತೆ ತಿಂಗಳಿಂದ ಓಡಾಡುತ್ತಿದ್ದರು. ಇಸ್ತ್ರಿ ಮುರಿಯದ ಅಂಗಿ, ಹಿತವಾದ ಸೆಂಟು. ಅವನ ಉಗುರುಗಳು ಕಪ್ಪೆಚಿಪ್ಪಿನ ಒಳಮೈಯಂತೆ ಹೊಳೆಯುತ್ತಿದ್ದವು. ಟೀಚರ್ ಅವನ್ನು ನೋಡಿ ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟಳು.

"ಗೂಡಿನ ಮುಂಭಾಗದ ಅಗಲ ಹೇಳಿ, ಸಾಕು," ಎಂದ ಅವನು.

"ಹಿಂಗೋಡೆದೂ ಬೇಕು ಅಂದ್ರು ಚಿಮಣಿಯವರು..."

"ಯಾರು, ಮಸಿರಾಯನಾ?" ಅವನು ಮೃದುವಾಗಿ ನಕ್ಕ. "ಪೈಪಿನವರ ಹತ್ರ ಅವನಿಗೆ ಕಮಿಷನ್ ಇದೆ. ಹೋದಲ್ಲೆಲ್ಲ ಅದೇ ರಾಗ. ನಿಮ್ಮಂಥವರ ಮನೆಗೆ ದೊಡ್ಡ ಇನ್ಸರ್ಟೇ ಲಕ್ಷಣ. ಪೈಪು ಗೀಪು ಏನೂ ಬೇಡ."

ಅವಳು ನಂಬಿದಳು. ಸಂಜೆ ಮಸಿರಾಯ ಏನು ತೀರ್ಮಾನವಾಯಿತೆಂದು ಕೇಳಲು ಬಂದಾಗ, ಬಾಗಿಲಲ್ಲೇ ತಡೆದಳು.

"ಪೈಪಿನವರು ನಿಮಗೆ ಎಷ್ಟು ಕೊಡ್ತಾರೆ?"

ಅವನು ಪಿಳಿಪಿಳಿ ಕಣ್ಣುಬಿಟ್ಟ. "ನನಗಾ?"

"ನಾಟಕ ಬೇಡ. ದೊಡ್ಡ ಇನ್ಸರ್ಟೇ ಆರ್ಡರ್ ಮಾಡಿ ಬಂದಿದ್ದೀನಿ. ನಿಮ್ಮ ಕೈ ನೋಡಿದ್ರೆ ನನಗೆ ಊಟ ಸೇರಲ್ಲ. ಇನ್ನು ಈ ಕಡೆ ಬರಬೇಡಿ."

ಮಸಿರಾಯ ಮೆಲ್ಲಗೆ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡ.

"ಕೈ ವಿಚಾರ ಇರಲಿ, ಟೀಚರ್. ಹಿಂಗೋಡೆ ಅಳತೆ ಮಾತ್ರ ಮರೀಬೇಡಿ," ಎಂದು ಹೇಳಿ ಹೊರಟುಹೋದ.

ಹತ್ತು ದಿನಗಳ ನಂತರ, ಅವಳು ಶಾಲೆಯಲ್ಲಿದ್ದಾಗ ಇನ್ಸರ್ಟ್ ಬಂತು. ಅದು ಗೂಡಿನೊಳಗೆ ಹಿಡಿಸಲಿಲ್ಲ. ಕೆಲಸದವರು ಮಾಲೀಕನಿಗೆ ಫೋನು ಮಾಡಿ, ಅವನ ಅಪ್ಪಣೆಯಂತೆ ಹಿಂಗೋಡೆಯ ಇಟ್ಟಿಗೆಗಳನ್ನು ಕೆತ್ತಿ, ಪೆಟ್ಟಿಗೆಯನ್ನು ಒಳಗೆ ದೂಡಿ, ಸಂದುಗಳನ್ನು ಹೊಳೆಯುವ ತಗಡಿನಿಂದ ಮುಚ್ಚಿದರು. "ಇದೇನ್ರಪ್ಪಾ ಗೋಡೆ ಒಡೀತೀರಿ?" ಎಂದ ಅಪ್ಪನಿಗೆ, "ಎಲ್ಲಾ ಮನೇಲೂ ಹೀಗೇ ಅಜ್ಜ" ಎಂಬ ಉತ್ತರ ಸಿಕ್ಕಿತು.

ನೋಡಲು ಅದೆಷ್ಟು ಚೆಂದವಿತ್ತು!

ಮೂರನೆಯ ವಾರ ಗೋಡೆ ಬೆವರತೊಡಗಿತು. ಬಣ್ಣದ ಮೇಲೆ ಕಂದು ದ್ರವ ಇಳಿದು, ಅಂಟಂಟಾಗಿ ನೆಲ ಮುಟ್ಟಿತು. ಟೀಚರ್ ಸೋಪು ಹಾಕಿ ತಿಕ್ಕಿದಷ್ಟೂ ಅದು ಮತ್ತೆ ಜಿನುಗಿತು. ಹೊದಿಕೆಗೆ, ಕೂದಲಿಗೆ, ಕುಡಿಯುವ ನೀರಿನ ಲೋಟಕ್ಕೂ ಅದೇ ಕೊಳೆತ ವಾಸನೆ. ಅವಳು ಮಗ್ಗಿಯ ಪುಸ್ತಕ ತೆರೆದರೆ ಪುಟಗಳಿಂದಲೂ ಅದೇ ನಾತ ಏಳುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹಾಲು ತಂದು ಬಾಗಿಲು ತೆರೆದಾಗ ಕೋಣೆಯಲ್ಲಿ ಹೊಗೆ ಕವಿದಿತ್ತು. ಅಪ್ಪ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿದ್ದರು.

ಎರಡು ದಿನ ಆಸ್ಪತ್ರೆ. ಅಪ್ಪ ಉಳಿದರು.

ಮಂಗಳವಾರ ಶೋರೂಮಿನ ಮಾಲೀಕ ಮನೆಗೆ ಬಂದ. ಹೊಸ್ತಿಲಲ್ಲೇ ಸೆಂಟಿನ ಕರವಸ್ತ್ರವನ್ನು ಮೂಗಿಗೆ ಹಿಡಿದ.

"ಹಸಿ ಸೌದೆ ಹಾಕಿರ್ತಾರೆ. ಆ ವಯಸ್ಸಲ್ಲಿ ಕೆಮ್ಮು ಹೇಗೂ ಇರುತ್ತೆ ಬಿಡಿ."

"ಒಣ ಸೌದೆ. ನಾನೇ ಆರಿಸಿ ತಂದದ್ದು."

"ಹಾಗಾದ್ರೆ ಅಳತೆ ತಪ್ಪು. ಅಳತೆ ಕೊಟ್ಟೋರು ನೀವು. ಹಿಂಗೋಡೆ ಕಿರಿದು ಅಂತ ನನಗೆ ಯಾರೂ ಹೇಳಿಲ್ಲ. ಬೇಕಾದ್ರೆ ಗ್ಯಾರಂಟಿ ಕಾಗದ ತೆಗೆದು ನೋಡಿ."

ತಪ್ಪು ನನ್ನದೇ ಇರಬಹುದೇ... ಅವಳು ಅಂಗಡಿಯವರು ಕೊಟ್ಟಿದ್ದ ಕಾಗದಗಳ ಕಟ್ಟನ್ನು ಬಿಚ್ಚಿದಳು. ಆರ್ಡರ್ ಫಾರಮ್ಮಿನ ಬೆನ್ನಿಗೆ ಗುಮಾಸ್ತನೊಬ್ಬ ಗುಂಡುಪಿನ್ನಿನಿಂದ ಒಂದು ಚೀಟಿಯನ್ನು ಚುಚ್ಚಿಟ್ಟಿದ್ದ.

'ಟೀಚರ್ ಮನೆ. ಹಿಂಗೋಡೆ ಹದಿನೆಂಟು ಇಂಚು ಮಾತ್ರ. ದಯವಿಟ್ಟು ದೊಡ್ಡದು ಕಳಿಸಬೇಡಿ. ಉಬ್ಬಸದ ಹಿರಿಯರಿದ್ದಾರೆ.'

ಕೆಳಗೆ ಹೆಸರಿರಲಿಲ್ಲ. ಮೂಲೆಯಲ್ಲಿ ಕಪ್ಪು ಹೆಬ್ಬೆರಳಿನ ಗುರುತೊಂದಿತ್ತು. ಪಕ್ಕದಲ್ಲಿ, ಹಸಿರು ಶಾಯಿಯಲ್ಲಿ, 'ನೋಡಿದೆ' ಎಂಬ ಮಾಲೀಕನ ಸಹಿ.

"ಇದೇನು?"

ಅವನು ಚೀಟಿಯತ್ತ ನೋಡಿ, ತನ್ನ ಉಗುರುಗಳತ್ತ ನೋಡಿಕೊಂಡ. "ಆ ಮಾಡೆಲ್ಲು ಎರಡು ವರ್ಷದಿಂದ ಗೋಡೌನಲ್ಲಿ ಕೂತಿತ್ತು. ನಾಳೆ ನಮ್ಮವರೇ ಆಗೋರು ನೀವು... ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅವಳು ಆ ಕೈಗಳನ್ನು ದಿಟ್ಟಿಸಿದಳು. ಒಂದು ಚುಕ್ಕೆ ಕೊಳೆ ಇರಲಿಲ್ಲ. ಸತ್ತ ಕಾಗೆಯನ್ನು ಕಂಡಾಗಲೂ ಬಾರದಷ್ಟು ವಾಕರಿಕೆ ಈಗ ಗಂಟಲಿಗೆ ಬಂತು. ಒಬ್ಬ ಮುದುಕನ ಉಸಿರಿಗಿಂತ ಮಾರಾಟವಾಗದ ಕಬ್ಬಿಣವನ್ನು ಹೆಚ್ಚೆಂದು ಎಣಿಸಿದ ಕೈಗಳನ್ನು ಯಾವ ಸೋಪು ತೊಳೆದೀತು? ಇಂಥ ಕೈಗಳಿಗೆ ಪೂರ್ತಿ ಅಂಕ ಕೊಟ್ಟ ತನ್ನ ಮೇಲೂ ಅವಳಿಗೆ ಅಸಹ್ಯವಾಯಿತು.

"ಹೊರಗೆ ನಡೀರಿ. ನಿಮ್ಮ ಪೆಟ್ಟಿಗೆ ನಾಳೆ ಎತ್ತಿಸ್ಕೊಳ್ಳಿ. ಸಂಬಂಧದ ಮಾತೂ ಅದರ ಜೊತೆಗೇ ಹೋಗಲಿ."

ಅತ್ತೆ ಹಣೆ ಚಚ್ಚಿಕೊಂಡರು. "ಎಷ್ಟು ನೀಟಾದ ಗಂಡು ಕಣೇ..."

"ನೀಟೇ ಅತ್ತೆ. ಅದನ್ನ ನೆನೆದ್ರೇ ನನಗೆ ವಾಂತಿ ಬರುತ್ತೆ."

ಸಂಜೆ ಅವಳು ಹೋದಾಗ ಮಸಿರಾಯನ ಮನೆಯಂಗಳದಲ್ಲಿ ಉದ್ದನೆಯ ಬ್ರಷ್ಷುಗಳು ಗೋಡೆಗೊರಗಿ ನಿಂತಿದ್ದವು. ಅವನು ನಲ್ಲಿಯ ಬಳಿ ಎಣ್ಣೆ, ಮರದ ಹೊಟ್ಟು ಹಾಕಿ ಕೈ ತಿಕ್ಕುತ್ತಿದ್ದ. ಅವಳನ್ನು ಕಂಡೊಡನೆ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಅದನ್ನು ನೋಡಿ ಅವಳ ಕಣ್ಣು ತುಂಬಿತು.

"ನನ್ನದು ತಪ್ಪಾಯ್ತು. ಬರೀ ಬಾಯಿಮಾತಿಗೆ ಹೇಳ್ತಿಲ್ಲ."

"ಯಜಮಾನ್ರು ಹೇಗಿದ್ದಾರೆ?"

"ಮನೆಗೆ ಬಂದಿದ್ದಾರೆ. ಕುರ್ಚಿ ಬಿಟ್ಟು ಮಂಚ ಹಿಡಿದಿದ್ದಾರೆ." ಅವಳು ಚೀಟಿಯನ್ನು ಚಾಚಿದಳು. "ಅಷ್ಟು ಕೆಟ್ಟದಾಗಿ ಮಾತಾಡಿ ಕಳಿಸಿದ್ದೆ. ಆಮೇಲೂ ಅಂಗಡಿಗೆ ಯಾಕೆ ಹೋದ್ರಿ?"

"ಅವರ ಮೊಣಕಾಲು ಅಳೆದಿದ್ದೆನಲ್ಲ. ಅಳೆದ ಮೇಲೆ ಆ ಒಲೆ ನನ್ನ ಜವಾಬ್ದಾರಿ."

"ಅಷ್ಟೇನಾ?"

ನಲ್ಲಿ ಹನಿಯುತ್ತಿತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿದ.

"ಅಷ್ಟೇ ಅಲ್ಲ. ಮಿಕ್ಕಿದ್ದು ಕೈ ಕ್ಲೀನ್ ಆದ್ಮೇಲೆ ಹೇಳೋಣ ಅಂತಿದ್ದೆ... ಆಗ್ತಾನೇ ಇಲ್ಲ."

ಇನ್ಸರ್ಟ್ ಹೋಯಿತು. ಕೆತ್ತಿದ ಇಟ್ಟಿಗೆಗಳ ಜಾಗಕ್ಕೆ ಮಸಿರಾಯ ಹೊಸ ಇಟ್ಟಿಗೆ ಕಟ್ಟಿದ. ಚಿಮಣಿಯ ಅಂಟನ್ನು ಮೂರು ದಿನ ಕೆರೆದ. ತುದಿಯವರೆಗೆ ಸ್ಟೀಲ್ ಪೈಪು ಇಳಿಸಿ, ಗೂಡಿನ ಮುಂದೆ ಕಾಲುಳ್ಳ ಪುಟ್ಟ ಸ್ಟೌವ್ ನಿಲ್ಲಿಸಿದ. ಅದರ ಬಾಗಿಲು ಅಪ್ಪನ ಮೊಣಕಾಲಿಗೆ ಸರಿಯಾಗಿ ಬಂತು.

"ಇಷ್ಟೇ ಇಷ್ಟು?" ಎಂದರು ಅತ್ತೆ ಮೂಗು ಮುರಿದು.

"ಚಿಕ್ಕದು ಚುರುಕಾಗಿ ಉರಿಯುತ್ತೆ ಅಮ್ಮ. ದೊಡ್ಡದನ್ನ ಅದುಮಿ ಉರಿಸಿದ್ರೆ ಬರೀ ಹೊಗೆ."

ಸಂಜೆ ಅಪ್ಪ ತಮ್ಮ ಕುರ್ಚಿಯಲ್ಲಿ ಕುಳಿತು, ಬಗ್ಗದೆಯೇ ಮೊದಲ ಸೌದೆ ಹಾಕಿದರು. ಗಾಜಿನ ಹಿಂದೆ ಬೆಂಕಿ ಎದ್ದಿತು. ಎಲ್ಲರೂ ಅವರ ಕೆಮ್ಮಿಗಾಗಿ ಕಾದರು. ಕೆಮ್ಮು ಬರಲಿಲ್ಲ. ಟೀಚರ್ ಗೋಡೆಯ ಮೇಲೆ ಅಂಗೈಯಿಟ್ಟಳು. ಬೆಚ್ಚಗಿತ್ತು, ಒಣಗಿತ್ತು.

ಅತ್ತೆ ಅಡುಗೆಮನೆಗೆ ಹೋದರು. ಮಸಿರಾಯ ಸಲಕರಣೆಗಳನ್ನು ಚೀಲಕ್ಕೆ ತುಂಬಿ ಎದ್ದ.

"ನಿಲ್ಲಿ," ಎಂದಳು ಅವಳು. "ಕೈ ತೋರಿಸಿ."

ಅವನು ತಪ್ಪು ಮಾಡಿದ ಮಗುವಿನಂತೆ ಎರಡೂ ಕೈ ಮುಂದೆ ಚಾಚಿದ. ಉಗುರುಗಳ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆ. ಅವಳು ಅವನ್ನು ತನ್ನ ಕೈಗಳೊಳಗೆ ತೆಗೆದುಕೊಂಡಳು.

"ನಿಮಗೆ ಊಟ ಸೇರಲ್ಲ, ಟೀಚರ್."

"ಎದುರಿಗೆ ಈ ಕೈ ಕಾಣದಿದ್ರೆ ಇನ್ನು ಸೇರಲ್ಲ."

ಈ ಸಲ ಅವನ ಕೈಗಳು ಬೆನ್ನ ಹಿಂದೆ ಹೋಗಲಿಲ್ಲ.

"ನಾನು ಕಣ್ಣು ಮುಚ್ಕೊಂಡಿದ್ದೀನಿ," ಎಂದರು ಅಪ್ಪ ಕುರ್ಚಿಯಿಂದ. "ಕಿವಿ ಮುಚ್ಚೋಕೆ ಬರಲ್ಲ. ಬೇಗ ಮುಗಿಸಿ."

"ಉಗುರು ಕ್ಲೀನ್ ಇಲ್ಲ..." ಎಂದ ಮಸಿರಾಯ ಮೆಲುದನಿಯಲ್ಲಿ.

"ಗೊತ್ತು. ಬೆಳಿಗ್ಗೆ ಮತ್ತೆ ನೋಡ್ತೀನಿ."

"ನಾಳೆ ಬೆಳಿಗ್ಗೆನಾ?"

"ನಾಳೆ, ನಾಡಿದ್ದು... ದಿನಾ."