ಬುಡದಲ್ಲಿ ಉಳಿಸಿದ ಮೊಟ್ಟೆ

2025ರ ಫೆಬ್ರವರಿ 12, ಬುಧವಾರ. ಬೆಳಿಗ್ಗೆ 7.20ಕ್ಕೆ ಬೈಂದೂರು ಠಾಣೆಗೆ ಬಂದದ್ದು ಕಳ್ಳತನದ ದೂರೇ, ಆದರೆ ಕಳವಾದದ್ದು ಕಡಲಾಮೆಯ ಮೊಟ್ಟೆ. ದೂರು ತಂದವಳು ಅನಿಷಾ, ಸಣ್ಣಕೋಡಿ ದಂಡೆಯಲ್ಲಿ ಆಮೆಗೂಡು ಕಾಯುವ ಟ್ರಸ್ಟಿನ ಮೇಲ್ವಿಚಾರಕಿ. ಕಾಲಿನ ಮರಳನ್ನೂ ಕೊಡವದೆ ಓಡಿ ಬಂದಿದ್ದಳು.

"ಎಷ್ಟ್ ಮೊಟ್ಟಿ?" ಪಿಎಸ್‌ಐ ವಿನಯಾ ಕೇಳಿದಳು.

"ನೂರಾ ಹನ್ನೆರಡ್ ಮೇಡಂ. ಐದ್ ದಿನದ ಹಿಂದೆ ಇಟ್ಟದ್ದ್."

"ಕಾವಲಿಗೆ ಯಾರೂ ಇರ್ಲಿಲ್ಯಾ?"

"ಕಾವಲಿನವ ಐದೂವರಿಗೆ ಚಾ ಕುಡೂಕ್ ಹೋದ. ಆರಕ್ಕೆ ಬಪ್ಪಷ್ಟೊತ್ತಿಗೆ ಗುಂಡಿ ಖಾಲಿ."

ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಕಿಟ್ಟಣ್ಣ ಬರೆಯುತ್ತಾ ಗೊಣಗಿದ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವನು ಬೈಕು, ಬಂಗಾರ, ಬಲೆ ಎಲ್ಲ ಹುಡುಕಿದವನು. ಮೊಟ್ಟೆ ಮಾತ್ರ ಇದೇ ಮೊದಲು.

ಈ ಟ್ರಸ್ಟಿನ ಹಿಂದೆ ಇದ್ದವರು ರತೀಶಣ್ಣ. ಇಪ್ಪತ್ತೆರಡು ವರ್ಷ ತಾಂಜಾನಿಯಾದಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅಲ್ಲಿ ಆನೆಗಳ ಕಾಡಿನ ಮಗ್ಗುಲ ಹಳ್ಳಿಗಳಿಗೆ ಒಬ್ಬ ಸಿರಿವಂತ ಶಾಲೆ, ಆಸ್ಪತ್ರೆ ಕಟ್ಟಿಸಿಕೊಟ್ಟಿದ್ದ. ಆನೆ ಉಳಿದರೆ ನಮಗೂ ಲಾಭ ಎಂದು ಕಂಡ ಮೇಲೆ ಅಲ್ಲಿನ ಜನ ಬೇಟೆ ಬಿಟ್ಟರಂತೆ. ರತೀಶಣ್ಣ ಅದನ್ನೇ ಇಲ್ಲಿ ಮಾಡಿದರು. ಯಾವ ದಂಡೆಯಲ್ಲಿ ಆಮೆ ಗೂಡಿಡುತ್ತದೋ ಆ ಊರಿಗೆ ಪ್ರತಿ ಬುಧವಾರ ಡಾಕ್ಟರರ ಗಾಡಿ. ಗೂಡಿಲ್ಲದ ಊರಿಗೆ ಗಾಡಿ ಇಲ್ಲ. ಮೂರು ವರ್ಷದಿಂದ ಆ ಕಡೆ ಒಬ್ಬರೂ ಆಮೆಯ ಮೊಟ್ಟೆ ತಿಂದಿರಲಿಲ್ಲ.

8.45ಕ್ಕೆ ಸ್ಥಳ ಪಂಚನಾಮೆ. ಗುಂಡಿಯನ್ನು ಯಾರೋ ಕೈಯಲ್ಲೇ ನಾಜೂಕಾಗಿ ತೋಡಿದ್ದರು. ನಾಯಿಯ ಹೆಜ್ಜೆ ಇಲ್ಲ, ಒಡೆದ ಚಿಪ್ಪಿಲ್ಲ. ಬುಡದಲ್ಲಿ ಒಂದೇ ಒಂದು ಮೊಟ್ಟೆ, ಅದರ ಮೇಲೆ ಸಾಗುವಾನಿ ಎಲೆ. ಎಲೆಗೆ ಮೀನಿನ ಹುರುಪೆ ಅಂಟಿತ್ತು.

"ತಿಂಬುಕೆ ತಕಂಡ್ ಹೋಪವ್ರ್ ಒಂದ್ ಬಿಟ್ಟ್ ಹೋತ್ರಾ?" ಎಂದ ಕಿಟ್ಟಣ್ಣ.

"ಬಿಟ್ಟದ್ದಲ್ಲ ಕಿಟ್ಟಣ್ಣ, ಮುಚ್ಚಿ ಇಟ್ಟದ್ದ್," ಎಂದಳು ವಿನಯಾ. ಬ್ರಹ್ಮಾವರದಲ್ಲಿ ಮೀನು ತಿಂದೇ ಬೆಳೆದವಳು ಅವಳು. ಆ ಎಲೆ ಮೀನಿನ ಬುಟ್ಟಿಯದ್ದು ಎನ್ನಲು ಅವಳಿಗೆ ಲ್ಯಾಬಿನ ವರದಿ ಬೇಕಿರಲಿಲ್ಲ.

11 ಗಂಟೆಗೆ ಯಡ್ತರೆಯಲ್ಲಿ ಮೀನು ಮಾರುತ್ತಿದ್ದ ವನಜಕ್ಕನ ಮುಂದೆ ಜೀಪು ನಿಂತಿತು.

"ಬುಟ್ಟಿ ಬುಡದಂಗೆ ಒಂದ್ ಮೀನ್ ಬಿಟ್ಟ್, ಎಲಿ ಮುಚ್ಚುವವ್ರ್ ಯಾರ್ ವನಜಕ್ಕ?"

"ಅದ್ ಬಂಡೆಹಿತ್ಲ್ ಹೆಂಗ್ಸ್ರ್," ವನಜಕ್ಕ ನಕ್ಕಳು. "ಬುಟ್ಟಿ ಬರಿದ್ ಮಾಡ್ಕಂಡ್ ಮನಿಗೆ ಹೋಪುದಿಲ್ಲೆ ಅವ್ರ್. ಕಡೆ ಮೀನ್ ಎಷ್ಟ್ ಕೊಡ್ತೆ ಅಂದ್ರೂ ಕೊಡುದಿಲ್ಲೆ. ಯಾಕ್ ಮೇಡಂ?"

ವಿನಯಾ ಉತ್ತರಿಸುವ ಮೊದಲೇ ಅನಿಷಾಳ ಫೋನು ಬಂತು. ಬಂಡೆಹಿತ್ಲಿನಲ್ಲಿ ಆಮೆ ಗೂಡಿಟ್ಟಿದೆ, ಗಾಡಿ ಕಳಿಸಿ ಎಂದು ಆ ಊರಿನ ಸರೋಜ ಎಂಬಾಕೆ ಟ್ರಸ್ಟಿಗೆ ಈಗಷ್ಟೇ ಹೇಳಿದ್ದಳು.

ಬಂಡೆಹಿತ್ಲಿನಲ್ಲಿ ದಂಡೆ ಎಂಬುದೇ ಉಳಿದಿರಲಿಲ್ಲ. ಕಡಲ್ಕೊರೆತ ತಡೆಯಲೆಂದು ಹೋದ ಮಳೆಗಾಲಕ್ಕೆ ಮುಂಚೆ ಆಳೆತ್ತರ ಕಲ್ಲು ಪೇರಿಸಿದ್ದರು. ಕಲ್ಲಿನ ಈಚೆ, ಸರೋಜಳ ಮನೆಯ ಹಿಂದೆ, ಒಂದು ಚಾಪೆಯಗಲ ಮರಳು. ಅದರ ಸುತ್ತ ಹಳೇ ಬಲೆಯ ಬೇಲಿ. ಬೇಲಿಯ ಪಕ್ಕದಲ್ಲಿ ಸರೋಜ, ಐವತ್ತು ದಾಟಿದ ಮೀನು ಮಾರುವ ಹೆಂಗಸು, ಬುಟ್ಟಿಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಸರೋಜಕ್ಕ, ಆಮಿ ಎಷ್ಟೊತ್ತಿಗೆ ಬಂತ್?"

"ಬೆಳಿಗ್ಗೆ."

"ನೀವೇ ಕಂಡ್ರ್ಯಾ?"

"ಹೌದ್."

"ಈ ಕಲ್ಲ್ ಹತ್ತಿ ಬಂತಾ?"

ಸರೋಜ ಬುಟ್ಟಿಯನ್ನು ಕಾಲಿನ ಹಿಂದಕ್ಕೆ ಸರಿಸಿದಳು.

"ಸಣ್ಣಕೋಡಿ ಗುಂಡಿಯಂಗೆ ಒಂದ್ ಯಾಕ್ ಬಿಟ್ಟ್ ಬಂದ್ರಿ?"

"ಬರಿದ್ ಮಾಡೂಕಾಗ ಅಲ್ದಾ..." ಎಂದುಬಿಟ್ಟಳು. ಅಂದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪಂಚರ ಎದುರು ಮರಳು ಸರಿಸಿದರು. ನೂರಾ ಹನ್ನೊಂದು. ಕಾವಲಿನವರು ಪ್ರತಿ ಮೊಟ್ಟೆಗೂ ಪೆನ್ಸಿಲಿನಿಂದ ಇಟ್ಟಿದ್ದ ಗುರುತು ಎಲ್ಲದರಲ್ಲೂ ಮೇಲ್ಮುಖವಾಗಿಯೇ ಇತ್ತು. ಮೊಟ್ಟೆ ಮಗುಚಿದರೆ ಮರಿ ಸಾಯುತ್ತದೆ ಎಂದು ಅನಿಷಾ ಊರೂರಿಗೆ ಹೋಗಿ ಹೇಳಿದ್ದನ್ನು ಸರೋಜ ಮರೆತಿರಲಿಲ್ಲ. ಬುಟ್ಟಿಯಲ್ಲಿ ಒದ್ದೆ ಮರಳು ಹಾಸಿ, ಒಂದೂ ಹೊರಳದಂತೆ ಎರಡು ಮೈಲಿ ನಡೆದಿದ್ದಳು.

ಒಳಗೆ ಚಾಪೆಯ ಮೇಲೆ ಅವಳ ಮಗ ದೇವು ಮಲಗಿದ್ದ. ವಯಸ್ಸು ಇಪ್ಪತ್ತೆಂಟು. ಎರಡು ವರ್ಷದ ಹಿಂದೆ ದೋಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಗಾಡಿಯಲ್ಲಿ ಬರುತ್ತಿದ್ದ ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಕಾಲು ತಿಕ್ಕಿ, ಮಡಚಿ, ಗೋಡೆ ಹಿಡಿದು ನಿಲ್ಲುವಷ್ಟು ಮಾಡಿದ್ದರು. ಈ ಸಲ ಆಮೆ ಬರಲಿಲ್ಲ, ಗಾಡಿಯೂ ಬರಲಿಲ್ಲ. ಮೂರು ತಿಂಗಳಲ್ಲಿ ಕಾಲು ಮತ್ತೆ ಸೆಟೆದುಕೊಂಡಿತ್ತು.

"ಕಲ್ಲ್ ಹಾಕದ್ದ್ ನಾವಲ್ಲ ಮೇಡಂ," ಎಂದಳು ಸರೋಜ. "ಆಮಿ ಬಾರದ್ದ್ ನನ್ ಮಗನ ತಪ್ಪಾ?"

ವಿನಯಾಳಿಗೆ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯಲಿಲ್ಲ. ಪಕ್ಕದ ಮನೆಯವರಿಗೆ ದೇವುವನ್ನು ನೋಡಿಕೊಳ್ಳಲು ಹೇಳಿ, ಸೂರ್ಯ ಮುಳುಗುವ ಮೊದಲೇ, 4.10ಕ್ಕೆ, ಸರೋಜಳನ್ನು ದಸ್ತಗಿರಿ ಮಾಡಿದಳು.

ಉಳಿದದ್ದು ಮೊಟ್ಟೆಯ ಪ್ರಶ್ನೆ. ಇನ್ನೊಮ್ಮೆ ಅಲುಗಿಸಿದರೆ ಒಂದೂ ಉಳಿಯುವುದಿಲ್ಲ, ಇಲ್ಲೇ ಬಿಟ್ಟರೆ ಕೆಲವಾದರೂ ಬದುಕಬಹುದು ಎಂದರು ಅರಣ್ಯಾಧಿಕಾರಿ. "ಮರಿಯಾಗುವ ತನಕ ಬಂಡೆಹಿತ್ಲಿನಲ್ಲೇ ಇರಿಸಿ ಕಾಯತಕ್ಕದ್ದು" ಎಂದು ವಿನಯಾ ಪಂಚನಾಮೆಗೆ ಬರೆಸಿದಳು. ಕಿಟ್ಟಣ್ಣನ ಪೆನ್ನು ನಿಂತಿತು.

"ಹಾಂಗಾರೆ ಗೂಡ್ ಈಗ ಈ ಊರಿಂದೇ ಆಯ್ತಲೆ ಮೇಡಂ."

"ಬರೀರಿ ಕಿಟ್ಟಣ್ಣ."

ಸ್ಥಳಕ್ಕೆ ಬಂದಿದ್ದ ರತೀಶಣ್ಣ ಆ ಸಾಲನ್ನು ಎರಡು ಸಲ ಓದಿದರು. ಕಲ್ಲಿನ ರಾಶಿಯ ಕಡೆ ನೋಡಿದರು.

"ಅಲ್ಲಿ ಆನಿ ತನ್ನಷ್ಟಕ್ಕೆ ನಡ್ಕಂಡ್ ಬತ್ತಿತ್," ಎಂದರು. "ಇಲ್ಲಿ ಕಲ್ಲ್ ಅಡ್ಡ ಇತ್ತ್ ಅಂದೇಳಿ ನಾನ್ ಆಲೋಚ್ನಿಯೇ ಮಾಡ್ಲಿಲ್ಲೆ."



ಫೆಬ್ರವರಿ 27, ಗುರುವಾರ. ನ್ಯಾಯಾಂಗ ಬಂಧನ ಮುಂದುವರಿಸಲು ಸರೋಜಳನ್ನು ಕುಂದಾಪುರದ ಕೋರ್ಟಿಗೆ ಕರೆತಂದಿದ್ದರು. ಜಗಲಿಯಲ್ಲಿ ವಿನಯಾಳನ್ನು ಕಂಡವಳು ಜಾಮೀನಿನ ಸುದ್ದಿ ಎತ್ತಲಿಲ್ಲ.

"ಗಾಡಿ ಬಂತಾ ಮೇಡಂ?"

"ಎರಡ್ ಬುಧವಾರವೂ ಬಂತ್. ನಿನ್ನೆ ಶಿವರಾತ್ರಿ ಇದ್ರೂ ಬಂತ್. ದೇವು ಗೋಡಿ ಹಿಡ್ಕಂಡ್ ನಿಂತ. ಹನ್ನೊಂದ್ ಎಣ್ಸುವರಿಗೆ."

ಸರೋಜ ಬೆರಳು ಮಡಚುತ್ತಾ ಹನ್ನೊಂದರವರೆಗೆ ಎಣಿಸಿದಳು.

"ಮೊದ್ಲ್ ಇಪ್ಪತ್ತ್ ನಿಂತಿದ್ದ," ಎಂದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.